ನಿದ್ದೆ ಕೆಟ್ಟರೂ ‘ಕರ್ಮ ಕರಗುತ್ತಿದೆ’ ಅಂದರು: ಧ್ಯಾನ ಶಿಬಿರಕ್ಕೆ ಸೇರುವ ಮುಂಚೆ ಇದನ್ನು ಓದಿ

ಹದಿನೇಳು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮಲಗಿದರೆ ಮೈಯೆಲ್ಲ ಕಂಪಿಸುತ್ತಿತ್ತು. ಕಣ್ಣು ಮುಚ್ಚಿದರೆ ಹಣೆಯ ನಡುವೆ ಯಾರೋ ಬೆರಳಿಟ್ಟು ಒತ್ತಿದ ಹಾಗೆ. ಒಲೆಯ ಮುಂದೆ ನಿಂತು ಕುಕ್ಕರ್ ಎಷ್ಟು ಸಲ ಕೂಗಿತು ಅನ್ನುವ ಲೆಕ್ಕವೂ ತಪ್ಪುತ್ತಿತ್ತು. ಡಾಕ್ಟರ ಹತ್ತಿರ ಹೋಗೋಣ ಎಂದು ನಮ್ಮ ಮನೆಯವರು ದಿನಾ ಹೇಳುತ್ತಿದ್ದರು. ನಾನೇ ಬೇಡ ಎನ್ನುತ್ತಿದ್ದೆ. ಧ್ಯಾನ ಕೇಂದ್ರದ ಮೇಡಂ ಫೋನಿನಲ್ಲಿ ಹೇಳಿದ್ದು ತಲೆಯಲ್ಲಿ ಕೂತಿತ್ತು: “ತುಂಬಾ ಒಳ್ಳೇದಾಯ್ತು. ಹಳೇ ಕರ್ಮ ಕರಗ್ತಾ ಇದೆ. ಈಗ ನಿಲ್ಲಿಸಿದ್ರೆ ಎಲ್ಲಾ ಒಳಗೇ ಉಳಿದುಬಿಡುತ್ತೆ. ಒಂದು ಗಂಟೆ ಜಾಸ್ತಿ ಕೂತ್ಕೊಳ್ಳಿ.”

ನಾನು ಕೂತೆ.

ಇದು ನಾಲ್ಕು ವರ್ಷದ ಹಿಂದಿನ ಮಾತು. ಕೇಂದ್ರದ ಹೆಸರು ಬರೆಯುವುದಿಲ್ಲ. ಹೆಸರು ಬದಲಾದರೂ ಇದೇ ಮಾತು ಇನ್ನೂ ಹಲವು ಕಡೆ ನಡೆಯುತ್ತಿದೆ. ಈಗ ಬರೆಯಲು ಕಾರಣ ನಮ್ಮ ಬೀದಿಯ ಒಬ್ಬ ಹುಡುಗಿ. ಹೋದ ವಾರ ಅವಳ ಅಮ್ಮ ನನ್ನ ಹತ್ತಿರ ಬಂದು, “ಶಿಬಿರದಿಂದ ಬಂದಾಗಿನಿಂದ ರಾತ್ರಿಯೆಲ್ಲ ಎದ್ದು ಕೂತಿರ್ತಾಳೆ, ಕೇಳಿದ್ರೆ ಶುದ್ಧಿ ಆಗ್ತಿದೆ ಅಂತಾಳೆ” ಎಂದರು. ಆ ಪದ ಕೇಳಿ ನನ್ನ ಕೈ ತಣ್ಣಗಾಯಿತು.

ಮೊದಲ ಶಿಬಿರದಲ್ಲಿ ನನಗೆ ನಿಜಕ್ಕೂ ಒಳ್ಳೆಯದಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ. ಸುಮ್ನೆ ಕೂತು ಉಸಿರು ನೋಡಿದೆ. ಆಫೀಸಿನ ತಲೆಬಿಸಿ ಕಡಿಮೆಯಾಯಿತು, ಮಕ್ಕಳ ಮೇಲೆ ರೇಗುವುದು ನಿಂತಿತು. ಉಸಿರಿನ ಅಭ್ಯಾಸ ಕೆಲಸ ಮಾಡಿತಲ್ಲ, ಹಾಗಾಗಿ ಅದರ ಜೊತೆ ಹೇಳಿದ್ದನ್ನೆಲ್ಲ ನಂಬಿದೆ. ನಾನು ಮಾಡಿದ ದೊಡ್ಡ ತಪ್ಪು ಅದೇ.

ನಂಬಿಕೆಗಳನ್ನು ಒಂದೇ ದಿನ ಕೊಡುವುದಿಲ್ಲ. ಮೊದಲ ಶಿಬಿರದಲ್ಲಿ “ಇದಕ್ಕೂ ಧರ್ಮಕ್ಕೂ ಸಂಬಂಧ ಇಲ್ಲ” ಎಂದರು. ಎರಡನೆಯದರಲ್ಲಿ, ಕಾಯಿಲೆಗಳೆಲ್ಲ ಹಿಂದಿನ ಜನ್ಮದ ಕಲ್ಮಶ ಎಂದರು. ಮೂರನೆಯದರ ಹೊತ್ತಿಗೆ, ಗುರೂಜಿಗೆ ಪ್ರತಿಯೊಬ್ಬ ಸಾಧಕನ ಸ್ಥಿತಿ ಕೂತಲ್ಲೇ ತಿಳಿಯುತ್ತದೆ, ನಾವೆಲ್ಲ ಒಟ್ಟಿಗೆ ಕೂತರೆ ಊರಿನ ಜಗಳ, ಅಪಘಾತ ಕೂಡ ಕಡಿಮೆಯಾಗುತ್ತದೆ ಎಂದರು. ಮೊದಲ ದಿನವೇ ಇದನ್ನೆಲ್ಲ ಹೇಳಿದ್ದರೆ ನಾನು ಎದ್ದು ಮನೆಗೆ ಬರುತ್ತಿದ್ದೆ.

ನಾನು ಪ್ರಶ್ನೆ ಕೇಳಬಾರದು ಎನ್ನುವ ಮನೆಯಲ್ಲಿ ಬೆಳೆದವಳಲ್ಲ. ನಮ್ಮಪ್ಪ ಎಚ್ಚೆನ್ ಅಭಿಮಾನಿ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ ಕಥೆಯನ್ನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಅಂಥ ಮನೆಯ ಮಗಳೂ ಬಿದ್ದಳು. ‘ನಾನು ಓದಿದವಳು, ನನಗೆ ಹೀಗಾಗಲ್ಲ’ ಅನ್ನುವ ಧೈರ್ಯ ದಯವಿಟ್ಟು ಬೇಡ.

ಹತ್ತನೇ ರಾತ್ರಿಯೋ ಏನೋ ಕಳೆದ ಮೇಲೆ ನಾನು ಕೇಂದ್ರಕ್ಕೇ ಹೋಗಿ ಕೇಳಿದೆ. “ಮೇಡಂ, ಮನಸ್ಸು ಶಾಂತವಾದರೆ ಧ್ಯಾನ ಫಲಿಸಿತು ಅಂತೀರಿ. ನಿದ್ದೆ ಕೆಟ್ಟರೆ ಶುದ್ಧಿ ಆಗ್ತಿದೆ ಅಂತೀರಿ. ಹಾಗಾದರೆ ಏನಾದರೆ ಇದು ನನಗೆ ಒಗ್ಗುತ್ತಿಲ್ಲ ಅಂತ ಗೊತ್ತಾಗೋದು?” ಅವರಿಗೆ ಸಿಟ್ಟು ಬರಲಿಲ್ಲ. ಪ್ರೀತಿಯಿಂದಲೇ ನನ್ನ ಕೈ ಹಿಡಿದು ಹೇಳಿದರು: “ಇದನ್ನ ಕೇಳ್ತಿರೋದು ನೀವಲ್ಲ, ನಿಮ್ಮ ಅಹಂಕಾರ. ಅದು ಸಾಯೋ ಮುಂಚೆ ಹೀಗೇ ಒದ್ದಾಡುತ್ತೆ.”

ಆ ಉತ್ತರವನ್ನು ಇನ್ನೊಂದು ಸಲ ಓದಿ. ಸಂಶಯ ಬಂದರೆ ಅದೂ ನನ್ನದೇ ಕೊಳೆ. ನಾನು ಏನು ಹೇಳಿದರೂ ಅವರ ಮಾತೇ ಗೆಲ್ಲುತ್ತದೆ, ಅಲ್ವಾ? ನಾನು ನಾಚಿಕೆಯಿಂದ ಮನೆಗೆ ಬಂದೆ. ಮತ್ತೆ ಒಂದು ವಾರ ಕೂತೆ.

ಏನಾದರೂ ತಾವೇ ಗೆಲ್ಲುವ ಇಂಥ ಲೆಕ್ಕ ನಮ್ಮೂರಿನದು ಮಾತ್ರ ಅಲ್ಲ ಎಂದು ಆಮೇಲೆ ತಿಳಿಯಿತು. 1993ರ ಬೇಸಿಗೆಯಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಮಹರ್ಷಿ ಮಹೇಶ್ ಯೋಗಿ ಶುರುಮಾಡಿದ ಭಾವಾತೀತ ಧ್ಯಾನದ (ಟಿಎಂ) ಸುಮಾರು 4,000 ಜನ ಸೇರಿ, ಒಟ್ಟಿಗೆ ಧ್ಯಾನ ಮಾಡಿ ಊರಿನ ಅಪರಾಧ ತಗ್ಗಿಸುತ್ತೇವೆ ಎಂದರು. (ನನ್ನ ಅನುಭವ ಅವರ ಕೇಂದ್ರದ್ದಲ್ಲ.) ಆಮೇಲೆ ಹಿಂಸೆಯ ಅಪರಾಧ ಶೇ. 23ರವರೆಗೆ ಇಳಿಯಿತು ಎಂದು ಹೇಳಿಕೊಂಡರು. ಯಾವುದಕ್ಕೆ ಹೋಲಿಸಿದರೆ? ‘ಧ್ಯಾನ ಮಾಡದಿದ್ದರೆ ಇಷ್ಟಾಗುತ್ತಿತ್ತು’ ಎಂದು ತಾವೇ ಹಾಕಿದ ಅಂದಾಜಿಗೆ. ಇದನ್ನು ಓದಿದಾಗ ನಮ್ಮ ಮೇಡಂ ಮುಖವೇ ಕಣ್ಣ ಮುಂದೆ ಬಂತು.

ಹದಿನೆಂಟನೇ ದಿನ ನಮ್ಮ ಮನೆಯವರು ನನ್ನ ಮಾತು ಕೇಳದೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ನಗಲಿಲ್ಲ, ಬೈಯಲಿಲ್ಲ. ಧ್ಯಾನ ಪೂರ್ತಿ ನಿಲ್ಲಿಸಿ ಎಂದರು. ಮಾತ್ರೆ ಕೊಟ್ಟರು. ಸರಿಯಾಗಲು ಎರಡು ತಿಂಗಳು ಬೇಕಾಯಿತು.

ಧ್ಯಾನದಿಂದ ಕೆಲವರಿಗೆ ತೊಂದರೆ ಆಗುವುದು ಹೊಸ ವಿಷಯವೇ ಅಲ್ಲವಂತೆ. 83 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ಒಂದು ವರದಿ 2020ರಲ್ಲಿ ಬಂತು. ಅದರ ಪ್ರಕಾರ ನೂರರಲ್ಲಿ ಸುಮಾರು 8 ಜನರಿಗೆ ಏನಾದರೂ ಕೆಟ್ಟ ಪರಿಣಾಮ ಆಗಿದೆ. ಹೆಚ್ಚಾಗಿ ಕಂಡದ್ದು ಆತಂಕ, ಖಿನ್ನತೆ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ ಎಂಬುದೂ ಅಷ್ಟೇ ನಿಜ. ಇನ್ನೂ ಹಿಂದಕ್ಕೆ ಹೋದರೆ, ಹದಿನೆಂಟನೇ ಶತಮಾನದ ಜಪಾನಿನಲ್ಲಿ ಝೆನ್ ಎಂಬ ಬೌದ್ಧ ಧ್ಯಾನ ಪಂಥದ ಗುರು ಹಕುಯಿನ್‌ಗೇ ಹೀಗಾಗಿತ್ತು. ಅವರ ಪರಂಪರೆಯಲ್ಲಿ ಅದಕ್ಕೆ ‘ಝೆನ್ ಕಾಯಿಲೆ’ ಎಂದೇ ಹೆಸರು. ಹಕುಯಿನ್ ಅದಕ್ಕೆ ಔಷಧಿ ಹುಡುಕಿದರು. ನೋಡಿ, ಧ್ಯಾನದಲ್ಲೇ ಜೀವನ ಕಳೆದವರು ಕಾಯಿಲೆಯನ್ನು ಕಾಯಿಲೆ ಎಂದೇ ಕರೆದರು. ಒಂದು ಟೀಚರ್ ಟ್ರೈನಿಂಗ್ ಮುಗಿಸಿದ ನಮ್ಮ ಮೇಡಂ ಅದನ್ನೇ ಪ್ರಗತಿ ಎಂದರು. ಈ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಶಿಬಿರದ ಅರ್ಜಿಯಲ್ಲಿ ಮನಸ್ಸಿನ ಕಾಯಿಲೆ ಇದೆಯೇ, ಮಾತ್ರೆ ತಗೊಳ್ಳುತ್ತೀರಾ ಎಂದು ಕೇಳುತ್ತಾರೆ. ಹೆರಿಗೆ ಆದ ಮೇಲೆ ನನಗೆ ಖಿನ್ನತೆ ಇತ್ತು. ಬರೆಯಲು ಹೋದಾಗ ಪಕ್ಕದಲ್ಲಿದ್ದ ಕೇಂದ್ರದ ಸ್ವಯಂಸೇವಕರು “ಅದೆಲ್ಲ ಹಳೇದು, ಬಿಡಿ” ಎಂದರು. ನೀವು ಹಾಗೆ ಬಿಡಬೇಡಿ. ಎಲ್ಲ ಬರೆಯಿರಿ. ಅದಕ್ಕೇ ಸೇರಿಸಿಕೊಳ್ಳುವುದಿಲ್ಲ ಎಂದರೆ ಬೇಜಾರಾಗದೆ ವಾಪಸ್ ಬನ್ನಿ. ತಗೊಳ್ಳುತ್ತಿರುವ ಮಾತ್ರೆಯನ್ನು ಯಾವ ಗುರುವಿನ ಮಾತಿಗೂ ನಿಲ್ಲಿಸಬೇಡಿ. ಎರಡು ಮೂರು ರಾತ್ರಿ ನಿದ್ದೆ ಬರದಿದ್ದರೆ, ವಿಪರೀತ ಭಯ ಆದರೆ, ಶಿಬಿರದ ನಡುವೆಯೇ ಆದರೂ ಎದ್ದು ಮನೆಗೆ ಬನ್ನಿ. ಸಂಕೋಚ ಆದರೆ 14416ಕ್ಕೆ ಫೋನ್ ಮಾಡಿ. ಅದು ಮನಸ್ಸಿನ ತೊಂದರೆಗೆಂದೇ ಇರುವ ಸರ್ಕಾರದ ಸಹಾಯವಾಣಿ, ಟೆಲಿ ಮಾನಸ್. ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ತೆಗೆಯುತ್ತಾರೆ.

ಆ ಹುಡುಗಿಯ ಮನೆಗೆ ನಾನು ಮೂರು ಸಲ ಹೋದೆ. ಮೊದಲ ಸಲ, “ಆಂಟಿ, ನಿಮ್ಮದು ಅರ್ಧಕ್ಕೇ ನಿಂತಿದ್ದು, ಅದಕ್ಕೇ ಹೀಗಂತೀರಿ” ಎಂದಳು. ನಾನು ವಾದಕ್ಕೆ ಹೋಗಲಿಲ್ಲ. ಮೇಡಂಗೆ ಕೇಳಿದ ಪ್ರಶ್ನೆಯನ್ನೇ ಅವಳಿಗೂ ಕೇಳಿದೆ, ಉತ್ತರಕ್ಕೆ ಅವಸರ ಮಾಡಲಿಲ್ಲ. ಮೂರನೇ ಸಲ ಹೋದಾಗ ಅವಳೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮೂವರೂ ಆಟೋ ಹತ್ತಿ ಡಾಕ್ಟರ ಹತ್ತಿರ ಹೋದೆವು. ರಾತ್ರಿ ಆರು ಗಂಟೆ ಹೊತ್ತು ನಿದ್ದೆ ಮಾಡಿದಳು ಎಂದು ಇವತ್ತು ಬೆಳಿಗ್ಗೆ ಅವಳ ಅಮ್ಮ ಫೋನ್ ಮಾಡಿದ್ದರು.