ಹಾಂಗ್‌ಕಾಂಗ್ ಬಂದರು: ಬೆಟ್ಟದ ಮೇಲಿಂದ ಚೆನ್ನಾ, ಫೆರ್ರಿಯಿಂದ ಚೆನ್ನಾ?

ಹಾಂಗ್‌ಕಾಂಗ್‌ಗೆ ಹೋದವರು ವಿಕ್ಟೋರಿಯಾ ಬಂದರು ನೋಡದೆ ಬರುವುದಿಲ್ಲ. ಆದರೆ ಎಲ್ಲಿ ನಿಂತು ನೋಡಬೇಕು? ಮಾರ್ಚ್‌ನಲ್ಲಿ ಅಮ್ಮನ ಜೊತೆ ಐದು ದಿನ ಹೋಗಿದ್ದೆ. ವಿಕ್ಟೋರಿಯಾ ಪೀಕ್ ಅನ್ನುವ ಬೆಟ್ಟಕ್ಕೆ ಹೋಗುವ ಪೀಕ್ ಟ್ರಾಮ್ ಹತ್ತಿದೆವು, ಅದೇ ಬೆಟ್ಟಕ್ಕೆ ಇನ್ನೊಂದು ದಿನ ಬಸ್ಸಿನಲ್ಲಿ ಹೋದೆವು, ಬಂದರು ದಾಟಿಸುವ ಸ್ಟಾರ್ ಫೆರ್ರಿ ದೋಣಿಯಲ್ಲಿ ಎಷ್ಟು ಸಲ ಆಚೆ ಈಚೆ ದಾಟಿದೆವೋ ಲೆಕ್ಕ ಇಟ್ಟಿಲ್ಲ. ನನ್ನ ಓಟು ಫೆರ್ರಿಗೆ.

ಮೊದಲು ಪೀಕ್ ಟ್ರಾಮ್. ಉಕ್ಕಿನ ಹಗ್ಗ ಎಳೆದುಕೊಂಡು ಹೋಗುವ ಈ ಗಾಡಿ ಶುರುವಾದದ್ದು 1888ರಲ್ಲಿ. ಈಗಿನ ಹಸಿರು ಗಾಡಿಗಳು 2022ರಲ್ಲಿ ಬಂದವು, ಒಂದು ಸಲಕ್ಕೆ 210 ಜನ ಹಿಡಿಯುತ್ತಾರೆ. ಹತ್ತುವಾಗ ಬಲಗಡೆ ಕೂತುಕೊಳ್ಳಿ. ಒಂದು ಹಂತದಲ್ಲಿ ಏರು ಎಷ್ಟು ಕಡಿದು ಅಂದರೆ, ಕಿಟಕಿಯಾಚೆ ಬಹುಮಹಡಿ ಕಟ್ಟಡಗಳೆಲ್ಲ ಬೆಟ್ಟದ ಕಡೆಗೆ ವಾಲಿಕೊಂಡ ಹಾಗೆ ಕಾಣುತ್ತವೆ. ಇಳಿಯುವಾಗಲೂ ಮುಖ ಬೆಟ್ಟದ ಕಡೆಗೇ ಇರುತ್ತದೆ, ಹಿಂದಕ್ಕೆ ಜಾರಿದ ಅನುಭವ. ಅಮ್ಮ ನನ್ನ ಮಣಿಕಟ್ಟು ಬಿಡಲೇ ಇಲ್ಲ. ಸವಾರಿ ನಿಜಕ್ಕೂ ಮಜಾ. ಆದರೆ ಸಂಜೆ ಎಲ್ಲರೂ ಅಲ್ಲಿಗೇ ಬರುತ್ತಾರೆ, ಕ್ಯೂ ಜಾಸ್ತಿ. ಮೇಲೆ ಸಮುದ್ರಮಟ್ಟದಿಂದ 428 ಮೀಟರ್ ಎತ್ತರದ ಸ್ಕೈ ಟೆರೇಸ್ ಅನ್ನುವ ವೀಕ್ಷಣಾ ತಾರಸಿಗೆ ಬೇರೆ ಟಿಕೆಟ್. ನಾವು ಹೋದ ದಿನ ಅಲ್ಲಿ ಏನಿತ್ತು ಗೊತ್ತಾ? ಮಂಜು. ಬಂದರೂ ಇಲ್ಲ, ಕಟ್ಟಡವೂ ಇಲ್ಲ, ಬರೀ ಬಿಳಿ. ಮಾರ್ಚ್, ಏಪ್ರಿಲ್‌ನಲ್ಲಿ ಅಲ್ಲಿ ಇದು ಮಾಮೂಲು. ಹತ್ತುವ ಮೊದಲು ಕೆಳಗಿನಿಂದಲೇ ಬೆಟ್ಟದ ತುದಿ ಕಾಣುತ್ತದಾ ನೋಡಿಕೊಳ್ಳಿ.

ಎರಡು ದಿನ ಬಿಟ್ಟು ಆಕಾಶ ತಿಳಿಯಾಗಿತ್ತು. ಈ ಸಲ ಬೆಟ್ಟದ ಕೆಳಗಿನ ಸೆಂಟ್ರಲ್ ಪ್ರದೇಶದಿಂದ 15ನೇ ನಂಬರ್ ಡಬಲ್ ಡೆಕ್ಕರ್ ಬಸ್ಸು. ಮೇಲಿನ ಅಂತಸ್ತಿನ ಮುಂದಿನ ಸೀಟು ಸಿಕ್ಕಿತು. ಟ್ರಾಮ್‌ಗಿಂತ ಬಹಳ ನಿಧಾನ, ಆದರೆ ತಿರುವು ತಿರುವಿಗೂ ಒಂದೊಂದು ನೋಟ: ಒಂದು ಕಡೆ ಹ್ಯಾಪಿ ವ್ಯಾಲಿಯ ಕುದುರೆ ರೇಸ್ ಮೈದಾನ, ಇನ್ನೊಂದು ಕಡೆ ಗಾಜಿಗೆ ಬಡಿಯುವ ಕೊಂಬೆಗಳು. ಮೇಲೆ ಇಳಿದು ಟೆರೇಸ್ ಕಡೆ ಹೋಗದೆ ಲುಗಾರ್ಡ್ ರಸ್ತೆ ಹಿಡಿಯಿರಿ. ಸಮತಟ್ಟು ದಾರಿ, ಮಂಡಿನೋವಿನ ಅಮ್ಮನೂ ಆರಾಮಾಗಿ ನಡೆದಳು. ದಾರಿಯಲ್ಲಿ ಬಿಳಲು ಇಳಿಬಿಟ್ಟ ದೊಡ್ಡ ರಬ್ಬರ್ ಮರ ಇದೆ, ನಮ್ಮ ಆಲದ ಜಾತಿಯದೇ. ಸ್ವಲ್ಪ ಮುಂದೆ ಮರಗಳು ಸರಿದು ಇಡೀ ಬಂದರು ಕಾಲ ಕೆಳಗೆ ಬಿಚ್ಚಿಕೊಳ್ಳುತ್ತದೆ. ಒಂದು ಪೈಸೆ ಖರ್ಚಿಲ್ಲ. ಹಾಗಾಗಿ ಬೆಟ್ಟಕ್ಕೆ ಅಂತ ಹೋಗುವುದಾದರೆ ಬಸ್ಸೇ ಸರಿ. ಮಕ್ಕಳಿದ್ದರೆ ಒಂದು ಕಡೆಗೆ ಮಾತ್ರ ಟ್ರಾಮ್ ತೆಗೆದುಕೊಳ್ಳಿ.

ಇಷ್ಟಾದರೂ ಫೆರ್ರಿ ಯಾಕೆ ಅಂದರೆ, ಮೇಲಿಂದ ಬಂದರು ಫೋಟೊದ ಹಾಗೆ ಕಾಣುತ್ತದೆ, ಫೆರ್ರಿಯಲ್ಲಿ ನೀವು ಅದರ ಒಳಗೇ ಇರುತ್ತೀರಿ. ಇದೂ 1888ರಷ್ಟು ಹಳೆಯದು. ಶುರು ಮಾಡಿದವರು ದೊರಾಬ್‌ಜಿ ನವರೋಜಿ ಮಿಠಾಯಿವಾಲಾ ಅನ್ನುವ ಪಾರ್ಸಿ. ಸ್ಟಾರ್ ಫೆರ್ರಿ ಅನ್ನುವ ಹೆಸರು ಬಂದದ್ದು 1898ರಲ್ಲಿ. 1966ರಲ್ಲಿ ಮೇಲಿನ ದರ್ಜೆಯ ಟಿಕೆಟ್‌ಗೆ ಬರೀ ಐದು ಸೆಂಟ್ ಏರಿಸಲು ಹೊರಟಾಗ ಒಬ್ಬ ಯುವಕ ಉಪವಾಸ ಕೂತು, ಅದು ದೊಡ್ಡ ಗಲಭೆಯಾಯಿತು. ಅಷ್ಟು ಹತ್ತಿರದ್ದು ಆ ಊರಿನವರಿಗೆ ಈ ಹಸಿರು-ಬಿಳಿ ದೋಣಿ. ಇವತ್ತಿಗೂ ಹತ್ತು ಹಾಂಗ್‌ಕಾಂಗ್ ಡಾಲರ್‌ಗಿಂತ ಕಡಿಮೆಗೆ ಸೆಂಟ್ರಲ್‌ನಿಂದ ಎದುರು ದಡದ ಚಿಮ್ ಶಾ ಚುಯ್‌ಗೆ ದಾಟಬಹುದು.

ಅಮ್ಮ ಸಾಗರದ ಕಡೆಯವಳು, ಸಿಗಂದೂರು ಲಾಂಚ್ ನೋಡಿದವಳು. "ಇದಕ್ಕೆ ಬಸ್ಸು ಹತ್ತಿಸಲ್ವಾ?" ಅಂತ ಕೇಳಿದಳು. ಇಲ್ಲ, ಜನ ಮಾತ್ರ. ಮರದ ಸೀಟುಗಳ ಬೆನ್ನಿನಲ್ಲಿ ನಕ್ಷತ್ರದ ಆಕಾರಕ್ಕೆ ತೂತು ಕೊರೆದಿದ್ದಾರೆ. ದೋಣಿ ತಿರುಗುವುದಿಲ್ಲ, ಬಂದ ಹಾಗೇ ವಾಪಸ್ ಹೋಗುತ್ತದೆ. ಅದಕ್ಕೆ ಸೀಟಿನ ಬೆನ್ನನ್ನೇ ಆ ಕಡೆಗೆ ತಳ್ಳಿ ಕೂರಬೇಕು, ಟಕ್ ಅಂತ ಸದ್ದಾಗುತ್ತದೆ. ಅಮ್ಮ ಎರಡನೇ ಸಲಕ್ಕೇ ಕಲಿತು ಪಕ್ಕದವರಿಗೂ ತೋರಿಸಿಕೊಟ್ಟಳು. ದಡ ಬಂದಾಗ ನೀಲಿ ಅಂಗಿಯ ಆಳು ಕೊಕ್ಕೆ ಕೋಲಿನಿಂದ ದಪ್ಪ ಹಗ್ಗ ಹಿಡಿದು ಎಳೆಯುತ್ತಾನೆ, ಹಲಗೆ ಇಳಿಯುತ್ತದೆ, ಆಫೀಸು ಮುಗಿಸಿದವರೆಲ್ಲ ಸರಸರ ಇಳಿದು ಹೋಗುತ್ತಾರೆ. ಮೇಲಿನ ಅಂತಸ್ತಿನಲ್ಲಿ ಗಾಳಿ, ನೋಟ ಚೆನ್ನ. ಕೆಳಗಿನದು ಇನ್ನೂ ಅಗ್ಗ. ಎಂಜಿನ್ ಸದ್ದು, ಡೀಸೆಲ್ ವಾಸನೆ ಇದ್ದರೂ ನೀರು ಕೈಗೆ ಸಿಗುವಷ್ಟು ಹತ್ತಿರ. ನನಗೆ ಅದೇ ಇಷ್ಟವಾಯಿತು. ಬೆಟ್ಟದ ತುದಿ ಮಂಜಿನಲ್ಲಿ ಮುಳುಗಿದ ದಿನವೂ ಇಲ್ಲಿ ದೀಪಗಳು ಅಲೆಯ ಮೇಲೆ ಕುಣಿಯುತ್ತಿದ್ದವು.

ರಾತ್ರಿ ಎಂಟಕ್ಕೆ ದಿನವೂ ಲೇಸರ್ ಬೆಳಕಿನ ಪ್ರದರ್ಶನ ಇರುತ್ತದೆ. ಚಿಮ್ ಶಾ ಚುಯ್‌ನ ಹಳೆಯ ಗಡಿಯಾರ ಗೋಪುರದ ಹತ್ತಿರ ನಿಂತು ನೋಡಿದೆವು. ಪರವಾಗಿಲ್ಲ, ಅಷ್ಟೇ. ಅದಕ್ಕಿಂತ, ಸೂರ್ಯ ಮುಳುಗುವ ಹೊತ್ತಿಗೆ ಫೆರ್ರಿಯಲ್ಲಿರಿ. ಕಿಟಕಿಗಳು ಒಂದೊಂದಾಗಿ ಬೆಳಗುವುದನ್ನು ನೋಡಲು ಆ ಹತ್ತು ನಿಮಿಷ ಸಾಲಲಿಲ್ಲ, ನಾವು ಇಳಿದು ಮತ್ತೆ ಹತ್ತಿದೆವು.

ಹೊರಡುವ ಮೊದಲು ಒಂದು ಮಾತು. ಭಾರತದ ಪಾಸ್‌ಪೋರ್ಟ್‌ಗೆ 14 ದಿನದವರೆಗೆ ವೀಸಾ ಬೇಡ, ಆದರೆ ಆನ್‌ಲೈನ್‌ನಲ್ಲಿ ಮುಂಚೆಯೇ ನೋಂದಣಿ ಮಾಡಿಸಿರಬೇಕು. ಇಳಿದ ಕೂಡಲೇ ಆಕ್ಟೋಪಸ್ ಕಾರ್ಡ್ ತೆಗೆದುಕೊಂಡುಬಿಡಿ, ಬಸ್ಸು, ಫೆರ್ರಿ, ಮೆಟ್ರೋ ಎಲ್ಲಕ್ಕೂ ಆಗುತ್ತದೆ. ಸಸ್ಯಾಹಾರಿಗಳು ನೇಥನ್ ರಸ್ತೆಯ ಚಂಗ್‌ಕಿಂಗ್ ಮ್ಯಾನ್ಶನ್ಸ್ ಕಟ್ಟಡದ ಕಡೆ ಹೋಗಿ, ಅಲ್ಲಿ ನಮ್ಮ ಕಡೆಯ ಊಟ ಸಿಗುತ್ತದೆ. ಅಲ್ಲಿಂದ ಫೆರ್ರಿ ಕಟ್ಟೆಗೆ ನಡೆದೇ ಹೋಗಬಹುದು.