ಭೇದಿ ನಿಂತಿತು ಅಂತ ಖುಷಿಪಟ್ಟೆ, ಸಂಜೆಗೆ ಆಸ್ಪತ್ರೆ ಸೇರಿದೆ

ಹೊಟ್ಟೆ ಕೆಟ್ಟ ತಕ್ಷಣ ಮಾತ್ರೆ ಡಬ್ಬಿಗೆ ಕೈ ಹಾಕುವವರು ಇದನ್ನೊಮ್ಮೆ ಓದಿ. ನಾನೂ ಅದೇ ಜಾತಿ.

ರಾತ್ರಿ ಶುರುವಾದ ಭೇದಿ ಬೆಳಗಾಗುವಷ್ಟರಲ್ಲಿ ಐದು ಸಲ ಆಗಿತ್ತು. ಮೈ ಸುಡುತ್ತಿತ್ತು. ಐದನೇ ಸಲ ಲೋಳೆಯಲ್ಲಿ ಒಂದೆರಡು ಕೆಂಪು ಎಳೆ ಕಂಡವು. ನೋಡಿಯೂ ನೋಡದ ಹಾಗೆ ಫ್ಲಶ್ ಮಾಡಿದೆ. ಅವತ್ತು ಕೆಲಸಕ್ಕೆ ಹೋಗಲೇಬೇಕಿತ್ತು, ಅಷ್ಟೇ ತಲೆಯಲ್ಲಿದ್ದದ್ದು.

ಡಬ್ಬಿಯಲ್ಲಿ ಭೇದಿ ನಿಲ್ಲಿಸುವ ನಾಲ್ಕು ಮಾತ್ರೆ ಉಳಿದಿದ್ದವು. ಎರಡು ನುಂಗಿದೆ. ಆಮೇಲೆ ಹೋದಾಗಲೆಲ್ಲ ಒಂದೊಂದು. ಸ್ಟ್ರಿಪ್ ಖಾಲಿ, ಹೊಟ್ಟೆ ಮಾತ್ರ ಹಾಗೇ. ಮೆಡಿಕಲ್ ಶಾಪ್‌ಗೆ ಹೋಗಿ "ಇದು ಹಿಡೀಲಿಲ್ಲ, ಬೇರೆ ಏನಾದ್ರೂ ಕೊಡಿ" ಅಂದೆ. ಬೇರೆ ಹೆಸರಿನದು ಕೊಟ್ಟರು. ಹಿಂದೆ ತಗೊಂಡಿದ್ದನ್ನು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಹೊಸ ಮಾತ್ರೆ ಅಲ್ವಾ ಅಂತ ಲೆಕ್ಕವನ್ನೂ ಹೊಸದಾಗಿ ಶುರುಮಾಡಿದೆ. ಮತ್ತೆ ಎರಡು, ಆಮೇಲೆ ಇನ್ನೊಂದು.

ಮಧ್ಯಾಹ್ನಕ್ಕೆ ಭೇದಿ ನಿಂತಿತು. ಗೆದ್ದೆ ಅಂದುಕೊಂಡೆ. ಸಂಜೆಗೆ ಹೊಟ್ಟೆ ಉಬ್ಬಿ ನಗಾರಿಯ ಹಾಗೆ ಬಿಗಿದುಕೊಂಡಿತು. ಪ್ಯಾಂಟಿನ ಗುಂಡಿ ಹಾಕಲಾಗುತ್ತಿರಲಿಲ್ಲ. ಚಳಿ ಜ್ವರ, ವಾಂತಿ ಬೇರೆ.

ಡಾಕ್ಟರ್ ಹೊಟ್ಟೆ ತಟ್ಟಿ ನೋಡಿ, ತಗೊಂಡ ಮಾತ್ರೆಗಳನ್ನು ತೋರಿಸಿ ಅಂದರು. ಎರಡೂ ಸ್ಟ್ರಿಪ್ ಮಗುಚಿ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. "ಓದಿ." ಇರುವೆ ಸಾಲಿನಂಥ ಅಕ್ಷರ. ಎರಡರಲ್ಲೂ ಒಂದೇ: ಲೋಪೆರಮೈಡ್, 2 ಮಿ.ಗ್ರಾಂ. ಏಳು ಮಾತ್ರೆ ಅಂದರೆ 14 ಮಿ.ಗ್ರಾಂ. ಅಮೆರಿಕದಲ್ಲಿ ಡಾಕ್ಟರ್ ಚೀಟಿ ಇಲ್ಲದೆ ತಗೊಳ್ಳುವ ದೊಡ್ಡವರಿಗೆ ದಿನದ ಮಿತಿ 8 ಮಿ.ಗ್ರಾಂ. ವಿಪರೀತ ತಗೊಂಡರೆ ಹೃದಯದ ಬಡಿತವೇ ಲಯ ತಪ್ಪಬಹುದು ಅಂತ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲೇ ಎಚ್ಚರಿಸಿತ್ತು. ನನಗೂ ಇಸಿಜಿ ಮಾಡಿಸಿದರು. ಪುಣ್ಯಕ್ಕೆ ಸರಿಯಿತ್ತು.

ಅದಕ್ಕಿಂತ ದೊಡ್ಡ ತಪ್ಪು ಬೇರೆ ಇತ್ತು. ಈ ಮಾತ್ರೆ ಕರುಳಿನ ಓಟವನ್ನು ನಿಧಾನ ಮಾಡುತ್ತದೆ, ಅಷ್ಟೇ. ರೋಗಾಣುವಿನ ಕೂದಲೂ ಕೊಂಕದು. ನನಗಾಗಿದ್ದು ರಕ್ತಭೇದಿ. ಹೊರಗೆ ಹೋಗಬೇಕಾದ ಕೊಳಕನ್ನು ನಾನೇ ಒಳಗೆ ಕೂಡಿಹಾಕಿದ್ದೆ. ಜ್ವರ ಜಾಸ್ತಿ ಇದ್ದಾಗ, ಮಲದಲ್ಲಿ ರಕ್ತ ಕಂಡಾಗ ಇದನ್ನು ಮುಟ್ಟಲೇಬಾರದಂತೆ. ಎರಡು ದಿನ ಡ್ರಿಪ್ ಹಾಕಿಸಿಕೊಂಡು ಮಲಗಿದೆ.

ಇನ್ನೊಂದು ಪೆದ್ದುತನವನ್ನೂ ಹೇಳಿಬಿಡ್ತೀನಿ. ಒಂದು ಲೀಟರ್ ನೀರಿನ ಓಆರ್‌ಎಸ್ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದು ಕುಡಿದಿದ್ದೆ. ಗಟ್ಟಿಯಾದಷ್ಟೂ ಒಳ್ಳೆಯದು ಅಂತ! ಅದು ಉಲ್ಟಾ, ಅಷ್ಟು ಗಟ್ಟಿಯಾದರೆ ಭೇದಿ ಇನ್ನೂ ಹೆಚ್ಚುತ್ತದೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪೊಟ್ಟಣ ಹಾಕಬೇಕು. ಕಲಸಿದ್ದು 24 ಗಂಟೆಯಲ್ಲಿ ಮುಗಿಯದಿದ್ದರೆ ಚೆಲ್ಲಿಬಿಡಬೇಕು.

ಪುಟ್ಟ ಮಕ್ಕಳಿಗಂತೂ ನಿಮ್ಮ ಮಾತ್ರೆಯನ್ನು ಮುರಿದು ಅರ್ಧ ಕೊಡಬೇಡಿ. ಎರಡು ವರ್ಷದೊಳಗಿನವರಿಗೆ ಲೋಪೆರಮೈಡ್ ಕೊಡುವಂತೆಯೇ ಇಲ್ಲ. ಮಗು ಮಂಕಾಗಿದ್ದರೆ, ಉಚ್ಚೆ ಕಮ್ಮಿಯಾಗಿದ್ದರೆ, ಅಳುವಾಗ ಕಣ್ಣೀರು ಬಾರದಿದ್ದರೆ ಅಂಗಡಿಗೆ ಹೋಗಬೇಡಿ, ಸೀದಾ ಡಾಕ್ಟರ್ ಹತ್ತಿರ ಹೋಗಿ. ಹೋಗುವಾಗ ಖಾಲಿ ಸ್ಟ್ರಿಪ್ಪನ್ನೂ ಜೇಬಿಗೆ ಹಾಕಿಕೊಳ್ಳಿ.