ಇಂಗ್ಲೆಂಡಿನಲ್ಲಿ ಕರೋನರ್ ವಿಚಾರಣೆ: ವಕೀಲರು ಬೇಕಾ, ನಾವೇ ಸಾಕಾ?

ಇಂಗ್ಲೆಂಡ್, ವೇಲ್ಸ್‌ನಲ್ಲಿ ಸಾವಿನ ಕಾರಣ ಗೊತ್ತಾಗದಿದ್ದರೆ ಕರೋನರ್ (ಸಾವಿನ ತನಿಖೆ ಮಾಡುವ ಅಧಿಕಾರಿ) ವಿಚಾರಣೆ ನಡೆಸುತ್ತಾರೆ. ಸತ್ತವರು ಯಾರು, ಯಾವಾಗ, ಎಲ್ಲಿ, ಹೇಗೆ ಸತ್ತರು ಎಂಬುದಷ್ಟೇ ಪ್ರಶ್ನೆ. ತಪ್ಪು ಯಾರದೆಂದು ತೀರ್ಪು ಕೊಡುವುದಿಲ್ಲ. ಸಾಕ್ಷಿಗಳಿಗೆ ಮನೆಯವರೇ ಪ್ರಶ್ನೆ ಹಾಕಬಹುದು. ಸರಳ ಪ್ರಕರಣಕ್ಕೆ ಇಷ್ಟು ಸಾಕು, ವಕೀಲರ ಫೀಸೂ ಉಳಿಯುತ್ತದೆ.

ಸಾವು ಜೈಲಿನಲ್ಲೋ ಪೊಲೀಸರ ವಶದಲ್ಲೋ ಆಗಿದ್ದರೆ ಮಾತೇ ಬೇರೆ. ಎದುರಿಗೆ ಸರ್ಕಾರಿ ದುಡ್ಡಿನ ವಕೀಲರು ಕೂತಿರುತ್ತಾರೆ. ಅಲ್ಲಿ ಒಬ್ಬರೇ ಹೋಗಬೇಡಿ. ದಾಖಲೆ ತರಿಸಿ, ಓದಿ, ಸರಿಯಾದ ಪ್ರಶ್ನೆ ಹಾಕುವುದು ಸುಮ್ನೆ ಮಾತಲ್ಲ. ವಾದಿಸುವ ವಕೀಲರಿಗೆ ಲೀಗಲ್ ಏಡ್ (ವಕೀಲರ ಖರ್ಚಿಗೆ ಸರ್ಕಾರದ ನೆರವು) ವಿಶೇಷ ಪ್ರಕರಣಗಳಿಗಷ್ಟೇ ಸಿಗುತ್ತದೆ. ಆದರೆ 2022ರಿಂದ ಅದಕ್ಕೆ ಕುಟುಂಬದ ಆದಾಯ ನೋಡುವುದಿಲ್ಲ, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ.

ಆಸ್ಪತ್ರೆಯ ಸಾವಾದರೆ, ಪರಿಹಾರದ ದಾವೆಯೂ ಇದ್ದಾಗ ಕೆಲವು ಸಾಲಿಸಿಟರ್‌ಗಳು (ಕೇಸು ನೋಡಿಕೊಳ್ಳುವ ವಕೀಲರು) ‘ಗೆದ್ದರೆ ಮಾತ್ರ ಫೀಸು’ ಎಂದು ಒಪ್ಪುತ್ತಾರೆ.